ಕೆಂಡದಡ್ಯೆಯ ಹಿಂದಿನ ಮರ

(ಬಸ್ರೂರಿನಲ್ಲಿ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಕಾಡು ಮತ್ತು ನೀರಿನ ಕುರಿತು ಮಾತನಾಡಬೇಕಾದ ವೇದಿಕೆಯಲ್ಲಿ ಒಂದು ಸಿಹಿತಿಂಡಿಯ ವಿಷಯ ಏಕೆ ಎಂಬ ಪ್ರಶ್ನೆ ಕೆಲವರ ಮನಸ್ಸಿನಲ್ಲಿ ಮೂಡಿದ್ದರೆ ಅದು ಸಹಜ. ಉತ್ತರ ಸರಳವಾಗಿದೆ. ಕೊಡಲಿಯ ಏಟಿಗೆ ಮಾತ್ರ ಮರ ಉರುಳುತ್ತದೆ ಎಂದು ತಿಳಿಯುವುದು ಅರ್ಧ ಸತ್ಯ. ಮರದ ಫಲ ಯಾವ ದಿನ ಅಡುಗೆಮನೆಗೆ ಬೇಡವಾಯಿತೋ ಆ ದಿನವೇ ಅದರ ಬುಡ ಅಲುಗಿರುತ್ತದೆ. ಕೊಡಲಿ ಬರುವುದು ಆಮೇಲೆ. ಈ ಮಾತನ್ನು ಹಲಸಿನ ಮರ ತೋರಿಸಿಕೊಡುವಷ್ಟು ಸ್ಪಷ್ಟವಾಗಿ ಬೇರೆ ಯಾವ ಮರವೂ ತೋರಿಸಿಕೊಡದು. ಅದಕ್ಕಾಗಿ ಇಂದಿನ ವಿಷಯ ಹಣ್ಣು ಮತ್ತು ಹಿಟ್ಟು ಸೇರಿಸಿ ಮನೆಯಲ್ಲೇ ಕೆಂಡದ ಶಾಖದಲ್ಲಿ ಬೇಯಿಸುವ ಒಂದು ಸಿಹಿ, ಮತ್ತು ಆ ಸಿಹಿಯ ಹಿಂದೆ ನಿಂತಿರುವ ಮರ.

ದೂರದ ಒಂದು ತಿಂಡಿ

ಮೊದಲು ದೂರದ ಸಂಗತಿಯೊಂದನ್ನು ನೋಡಬಹುದು. ಅಮೆರಿಕದಲ್ಲಿ ‘ಕಾಬ್ಲರ್’ ಎಂಬ ಹೆಸರಿನ ಮನೆತಿಂಡಿಯೊಂದು ಪ್ರಸಿದ್ಧವಾಗಿದೆ. ಇಂದಿನ ವಿದ್ಯಾರ್ಥಿಗಳಲ್ಲಿ ಹಲವರು ಅದನ್ನು ಮೊಬೈಲಿನ ಪರದೆಯಲ್ಲಾದರೂ ಕಂಡಿರುತ್ತಾರೆ. ಸ್ಟ್ರಾಬೆರಿಯನ್ನೋ ಪೀಚ್ ಹಣ್ಣನ್ನೋ ಹೆಚ್ಚಿ, ಸಕ್ಕರೆ ಮತ್ತು ಸ್ವಲ್ಪ ನಿಂಬೆರಸ ಬೆರೆಸಿ ಪಾತ್ರೆಯ ತಳದಲ್ಲಿ ಹರಡುತ್ತಾರೆ. ಮೈದಾ, ಬೆಣ್ಣೆ, ಹಾಲು, ಬೇಕಿಂಗ್ ಪೌಡರ್ ಸೇರಿಸಿದ ಮೆದುವಾದ ಹಿಟ್ಟನ್ನು ಚಮಚದಿಂದ ಅದರ ಮೇಲೆ ಅಲ್ಲಲ್ಲಿ ಹಾಕಿ, ಸುಮಾರು 180ರಿಂದ 190 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮುಕ್ಕಾಲು ಗಂಟೆಯವರೆಗೆ ಬೇಯಿಸುತ್ತಾರೆ. ಕೆಳಗೆ ಹಣ್ಣು ರಸಬಿಟ್ಟು ಕುದಿಯುತ್ತದೆ, ಮೇಲೆ ಹಿಟ್ಟು ಉಬ್ಬಿ ಕಂದುಬಣ್ಣಕ್ಕೆ ತಿರುಗುತ್ತದೆ. ಇಷ್ಟೇ ಅದರ ಕ್ರಮ.

ಈ ತಿಂಡಿಯ ಹುಟ್ಟು ಗಮನಾರ್ಹವಾದುದು. ಯೂರೋಪಿನಿಂದ ವಲಸೆ ಹೋದ ಜನರಿಗೆ ಹೊಸ ನೆಲದಲ್ಲಿ ಇಟ್ಟಿಗೆಯ ಒಲೆಗೂಡಾಗಲಿ ತಾಯ್ನಾಡಿನ ಸಾಮಗ್ರಿಗಳಾಗಲಿ ಸುಲಭವಾಗಿ ದೊರೆಯುತ್ತಿರಲಿಲ್ಲ. ಮೂರು ಕಾಲಿನ ದಪ್ಪ ಎರಕದ ಕಬ್ಬಿಣದ ಪಾತ್ರೆಯೊಂದು ಅವರ ಬಳಿ ಇತ್ತು. ಡಚ್ ಓವನ್ ಎಂದು ಅದರ ಹೆಸರು. ಅದರ ಮುಚ್ಚಳಕ್ಕೆ ಅಂಚು ಕಟ್ಟಿರುತ್ತದೆ, ಕೆಂಡ ಜಾರಿ ಬೀಳದಿರಲೆಂದು. ಕೆಳಗೆ ಕೆಂಡ, ಮುಚ್ಚಳದ ಮೇಲೆ ಕೆಂಡ, ನಡುವೆ ಆಯಾ ಊರಿನಲ್ಲಿ ಸಿಕ್ಕಿದ ಹಣ್ಣು. 19ನೆಯ ಶತಮಾನದ ಮಧ್ಯಭಾಗದಿಂದ ಕಾಬ್ಲರ್ ಎಂಬ ಹೆಸರು ಈ ತಿಂಡಿಗೆ ಮುದ್ರಣದಲ್ಲಿ ಕಾಣಿಸಿಕೊಳ್ಳುತ್ತದೆ. ಅಂದರೆ ಇಂದು ಬೇಕರಿಯ ಗಾಜಿನ ಕಪಾಟಿಗೆ ಸೇರಿರುವ ಈ ತಿಂಡಿ ಮೂಲದಲ್ಲಿ ಇದ್ದುದರಲ್ಲಿ ಮಾಡಿಕೊಂಡ ಬಡವರ ಅಡುಗೆ. ಹಿತ್ತಿಲ ಹಣ್ಣು ಮತ್ತು ಒಲೆಯ ಕೆಂಡ, ಇವೆರಡೇ ಅದರ ಬಂಡವಾಳ.

ಸ್ಟ್ರಾಬೆರಿಯ ದಾರಿ

ಸ್ಟ್ರಾಬೆರಿ ಹಣ್ಣಿನ ಕಥೆಯೂ ಕೇಳತಕ್ಕದ್ದು. ಇಂದು ಜಗತ್ತು ತಿನ್ನುವ ದೊಡ್ಡ ಗಾತ್ರದ ಸ್ಟ್ರಾಬೆರಿ ಯಾವ ಕಾಡಿನಲ್ಲೂ ಇದ್ದದ್ದಲ್ಲ. 1714ರಲ್ಲಿ ಫ್ರೆಜಿಯೆ ಎಂಬ ಫ್ರೆಂಚ್ ಎಂಜಿನಿಯರ್ ದಕ್ಷಿಣ ಅಮೆರಿಕದ ಚಿಲಿ ದೇಶದಿಂದ ಕೆಲವು ಸಸಿಗಳನ್ನು ಹಡಗಿನಲ್ಲಿ ಫ್ರಾನ್ಸಿಗೆ ತಂದನು. ಉತ್ತರ ಅಮೆರಿಕದಿಂದ ಅದಕ್ಕೂ ಮೊದಲೇ ಬಂದಿದ್ದ ಇನ್ನೊಂದು ಜಾತಿಯೊಡನೆ ಅವು ಪರಾಗಸಂಪರ್ಕಗೊಂಡು 18ನೆಯ ಶತಮಾನದಲ್ಲಿ ಈ ಮಿಶ್ರತಳಿ ಹುಟ್ಟಿತು. ಭಾರತದಲ್ಲಿ ಅದರ ದೊಡ್ಡ ನೆಲೆ ಮಹಾರಾಷ್ಟ್ರದ ಮಹಾಬಳೇಶ್ವರ. ಅಲ್ಲಿಯ ಸ್ಟ್ರಾಬೆರಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅದೂ ಪಶ್ಚಿಮ ಘಟ್ಟದ ನೆಲವೇ. ಅಲ್ಲಿಯ ರೈತರ ಶ್ರಮದ ಬಗ್ಗೆ ಆಕ್ಷೇಪಿಸಲು ಏನೂ ಇಲ್ಲ.

ಆದರೆ ಎರಡು ಸಂಗತಿಗಳನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಮೊದಲನೆಯದು, ತೋಟದ ಸ್ಟ್ರಾಬೆರಿಯನ್ನು ಬೀಜದಿಂದ ಬೆಳೆಸುವುದು ಅಪರೂಪ. ತಾಯಿಗಿಡ ನೆಲದ ಮೇಲೆ ಚಾಚುವ ಹಂಬುಗಳನ್ನು ಬೇರೂರಿಸಿ ಹೊಸ ಗಿಡ ಪಡೆಯುತ್ತಾರೆ. ಆದ್ದರಿಂದ ಒಂದು ತಳಿಯ ಸಾವಿರ ಗಿಡಗಳೂ ಒಂದೇ ಗಿಡದ ಸಾವಿರ ಪ್ರತಿಗಳು. ಎರಡನೆಯದು, ಹೀಗೆ ಏಕರೂಪವಾದ ಬೆಳೆಯನ್ನು ವಿಶಾಲವಾದ ಬಯಲಿನಲ್ಲಿ ಕಾಯುವುದಕ್ಕೆ ತೆರಬೇಕಾದ ಬೆಲೆ. ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿ ಹೊಲಗಳಲ್ಲಿ ನಾಟಿಗೆ ಮುನ್ನ ಮಣ್ಣಿನೊಳಗಿನ ರೋಗಾಣುಗಳನ್ನು ಕೊಲ್ಲಲು ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲವನ್ನು ತುಂಬುತ್ತಿದ್ದರು. ಆ ಅನಿಲ ಓಜೋನ್ ಪದರವನ್ನು ಹರಿಯುತ್ತದೆ. ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಮುಂದುವರಿದ ದೇಶಗಳು 2005ರೊಳಗೆ ಅದನ್ನು ಕೈಬಿಡಬೇಕಿತ್ತು. ಆದರೂ ಇದೊಂದು ಬೆಳೆಗಾಗಿ ವರ್ಷವರ್ಷವೂ ವಿನಾಯಿತಿ ಪಡೆದು 2016ರವರೆಗೆ ಹೊಲಗಳಲ್ಲಿ ಬಳಸಲಾಯಿತು. ಒಂದು ಹಣ್ಣಿನ ಕೆಂಪಿಗಾಗಿ ಆಕಾಶದ ಪದರವೂ ಕಾಯಬೇಕಾಯಿತು.

ಇಷ್ಟು ಹೇಳಿದ್ದು ಹೊರಗಿನಿಂದ ಬಂದುದೆಲ್ಲ ತ್ಯಾಜ್ಯ ಎಂದು ಸಾರುವುದಕ್ಕಲ್ಲ. ಬಸ್ರೂರಿನಂತಹ ಊರಿನಲ್ಲಿ ಆ ಮಾತು ಆಡಲೂ ಬಾರದು. ಮೆಣಸಿನಕಾಯಿ, ಗೇರು, ಅನಾನಸು, ಪಪ್ಪಾಯಿ ಇವೆಲ್ಲ ಅಮೆರಿಕ ಖಂಡದಿಂದ ಬಂದು ಪೋರ್ಚುಗೀಸರ ಕಾಲದಲ್ಲಿ ಈ ಕರಾವಳಿಯ ಮಣ್ಣಿಗೆ ಹೊಂದಿಕೊಂಡವು. ಪ್ರಶ್ನೆ ಬೇರೆಯೇ ಇದೆ. ಮಳೆಗಾಲದಲ್ಲಿ ಹಿತ್ತಿಲ ಹಲಸು ಮರದ ಬುಡದಲ್ಲಿ ಬಿದ್ದು ಕೊಳೆಯುತ್ತಿರುವಾಗ, ಅದೇ ಮನೆಯ ಮಕ್ಕಳು ಪೇಟೆಯಿಂದ ಪ್ಲಾಸ್ಟಿಕ್ ಡಬ್ಬಿಯ ಸ್ಟ್ರಾಬೆರಿ ತಂದು ಸಿಹಿ ಮಾಡಲು ಹೊರಟರೆ, ಆ ಮರದ ಆಯುಷ್ಯ ಎಷ್ಟು ವರ್ಷ?

ಮೇಲೆ ಕೆಂಡ, ಕೆಳಗೆ ಕೆಂಡ

ಅಮೆರಿಕದ ವಲಸಿಗರು ಕಂಡುಕೊಂಡ ‘ಮೇಲೆ ಕೆಂಡ, ಕೆಳಗೆ ಕೆಂಡ’ ಎಂಬ ಉಪಾಯ ಈ ಕರಾವಳಿಗೆ ಹೊಸದಲ್ಲ. ಬ್ರಹ್ಮಾವರ ದಾಟಿ ತೆಂಕಕ್ಕೆ ಹೋದರೆ ತುಳುವರ ಮನೆಗಳಲ್ಲಿ ಇದಕ್ಕೆ ಗೆಂಡದಡ್ಯೆ ಎಂದು ಹೆಸರು. ಗೆಂಡವೆಂದರೆ ಕೆಂಡ, ಅಡ್ಯೆಯೆಂದರೆ ಕಡುಬು. ಕನ್ನಡದಲ್ಲಿ ಅದು ಕೆಂಡದಡ್ಯೆ. ಕೊಂಕಣಿ ಮಾತನಾಡುವ ಮನೆಗಳಲ್ಲಿ ಸೌತೆಕಾಯಿ ಮತ್ತು ಅಕ್ಕಿತರಿಯಿಂದ ಮಾಡುವ ತೌಸಳಿಯನ್ನೂ ಹಿಂದೆ ಇದೇ ಕ್ರಮದಲ್ಲಿ ಬೇಯಿಸುತ್ತಿದ್ದರು. ಕುಂದಾಪುರದ ಕಡೆ ಹಲಸಿನ ಹಣ್ಣಿನ ಕಡುಬು ಮತ್ತು ಎಣ್ಣೆಯಲ್ಲಿ ಕರಿದ ಸುಟ್ಟೇವು ಹೆಚ್ಚು ಪರಿಚಿತ. ಘಟ್ಟದ ಮೇಲೆ ಮುಳಕ ಎನ್ನುತ್ತಾರೆ. ಹೆಸರು ಬೇರೆ ಬೇರೆಯಾದರೂ ಒಳಗಿನ ಜೋಡಿ ಒಂದೇ. ಅಕ್ಕಿ ಮತ್ತು ಹಲಸು.

ಈ ಜೋಡಿಗೆ ಬಸ್ರೂರು ಒಳ್ಳೆಯ ಸಾಕ್ಷಿ. ವಾರಾಹಿ ನದಿಯ ದಂಡೆಯ ಈ ಊರು ಒಂದು ಕಾಲದಲ್ಲಿ ಅರಬ್ಬಿ ಸಮುದ್ರದ ವ್ಯಾಪಾರಿಗಳಿಗೆಲ್ಲ ತಿಳಿದಿದ್ದ ಬಂದರು. ಇಲ್ಲಿಯ ಶಾಸನಗಳಲ್ಲಿ ಮೂಡುಕೇರಿ, ಪಡುವಕೇರಿಗಳ ಹೆಸರುಗಳಿವೆ. 16ನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೊಸ ಈ ಭಾಗದ ಅಕ್ಕಿಯ ವ್ಯಾಪಾರವನ್ನು ದಾಖಲಿಸಿದ್ದಾನೆ. 1569ರಲ್ಲಿ ಪೋರ್ಚುಗೀಸರು ಇಲ್ಲಿ ನೆಲೆಯೂರಿದುದಕ್ಕೂ 1665ರಲ್ಲಿ ಶಿವಾಜಿ ನೌಕಾಪಡೆಯೊಡನೆ ಇಲ್ಲಿಗೆ ದಾಳಿ ಮಾಡಿದುದಕ್ಕೂ ಕಾರಣ ಈ ಪೇಟೆಯ ಸಂಪತ್ತೇ. ಬಯಲಿನ ಗದ್ದೆಗಳ ಅಕ್ಕಿ ಮತ್ತು ಘಟ್ಟದಿಂದಿಳಿದ ಕಾಳುಮೆಣಸು ಇಲ್ಲಿ ಹಡಗು ಹತ್ತುತ್ತಿದ್ದವು.

ಹೀಗೆ ಅಕ್ಕಿ ಸಮುದ್ರ ದಾಟಿತು, ಮೆಣಸು ಸಮುದ್ರ ದಾಟಿತು. ಹಣ್ಣಾದ ಹಲಸು ದಾಟಲಿಲ್ಲ. ಅದು ಹಡಗಿನಲ್ಲಿ ನಾಲ್ಕು ದಿನ ಬಾಳುವ ವಸ್ತುವಲ್ಲ. ಯಾವ ವ್ಯಾಪಾರಿಯೂ ಬೆಲೆ ಕಟ್ಟದ ಈ ಹಣ್ಣನ್ನು ಶತಮಾನಗಳ ಕಾಲ ಉಳಿಸಿಕೊಂಡು ಬಂದದ್ದು ಮಳೆಗಾಲದ ಹಸಿವು ಮತ್ತು ಮನೆಯ ಹೆಂಗಸರ ಕೈಕೆಲಸ. ಹಸಿದು ಹಲಸು, ಉಂಡು ಮಾವು ಎಂಬ ಗಾದೆ ಹುಟ್ಟಿದ್ದು ಇಂತಹ ಬದುಕಿನಲ್ಲಿಯೇ.

ಮಾಡುವ ಕ್ರಮ

ಕೆಂಡದಡ್ಯೆಯ ಕ್ರಮವನ್ನು ವಿದ್ಯಾರ್ಥಿಗಳಿಗಾಗಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಸುಮಾರು 400 ಗ್ರಾಂ ಬೆಳ್ತಿಗೆ ಅಕ್ಕಿಯನ್ನು ಎರಡು ಮೂರು ಗಂಟೆ ನೆನೆಸಿ ನೀರು ಬಸಿಯಬೇಕು. ಬೀಜ ತೆಗೆದ ಹಲಸಿನ ತೊಳೆ 600 ಗ್ರಾಂ, ಬೆಲ್ಲ 200 ಗ್ರಾಂ, ಅರ್ಧ ತೆಂಗಿನಕಾಯಿಯ ತುರಿ, ಅರ್ಧ ಚಮಚ ಉಪ್ಪು, ಬೇಕಿದ್ದರೆ ನಾಲ್ಕು ಏಲಕ್ಕಿ. ಹಣ್ಣು ಬಹಳ ಸಿಹಿಯಾಗಿದ್ದರೆ ಬೆಲ್ಲವನ್ನು ಅರ್ಧಕ್ಕೆ ಇಳಿಸಬಹುದು. ಹಣ್ಣು ಕೊಯ್ಯುವ ಮುನ್ನ ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಂಡರೆ ಮೇಣ ಅಂಟದು.

ಮೊದಲು ತೊಳೆ ಮತ್ತು ಬೆಲ್ಲವನ್ನು ರುಬ್ಬಿ, ಅನಂತರ ಅಕ್ಕಿ ಹಾಗೂ ಕಾಯಿತುರಿ ಸೇರಿಸಿ ಸಣ್ಣ ರವೆಯಷ್ಟು ತರಿಯಾಗಿ ರುಬ್ಬಬೇಕು. ನೀರು ಸೇರಿಸಬಾರದು. ಹಣ್ಣಿನ ರಸವೇ ಸಾಕು. ಹಿಟ್ಟು ಇಡ್ಲಿಯ ಹಿಟ್ಟಿಗಿಂತ ಗಟ್ಟಿಯಾಗಿರಲಿ. ದಪ್ಪ ತಳದ ಪಾತ್ರೆಗೆ ಬಾಡಿಸಿದ ಬಾಳೆಲೆ ಹಾಸಿ, ತುಪ್ಪವನ್ನೋ ತೆಂಗಿನೆಣ್ಣೆಯನ್ನೋ ಸವರಿ, ಹಿಟ್ಟನ್ನು ಎರಡು ಬೆರಳು ದಪ್ಪಕ್ಕೆ ಹರಡಬೇಕು. ಮೇಲೆ ಇನ್ನೊಂದು ಎಲೆ, ಅದರ ಮೇಲೆ ಅಂಚಿರುವ ತಟ್ಟೆಯ ಮುಚ್ಚಳ. ಒಲೆಯಲ್ಲಿ ಉರಿ ಇರಬಾರದು, ಹರಡಿದ ಕೆಂಡ ಮಾತ್ರ. ಮುಚ್ಚಳದ ಮೇಲೆ ಗೆರಟೆಯ ಕೆಂಡ. ಕೆಳಗಿನದಕ್ಕಿಂತ ಮೇಲಿನ ಕೆಂಡ ತುಸು ಹೆಚ್ಚಿರಬೇಕು, ಏಕೆಂದರೆ ಶಾಖ ಸ್ವಭಾವತಃ ಮೇಲಕ್ಕೇರುತ್ತದೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಅಡ್ಯೆ ಬೇಯುತ್ತದೆ. ತೆಂಗಿನ ಗರಿಯ ಕಡ್ಡಿ ಚುಚ್ಚಿ ತೆಗೆದಾಗ ಹಿಟ್ಟು ಅಂಟದಿದ್ದರೆ ಆಯಿತು. ಪೂರ್ತಿ ತಣಿದ ಮೇಲೆಯೇ ತುಂಡು ಮಾಡಬೇಕು. ಬಿಸಿಯಲ್ಲಿ ಕೊಯ್ದರೆ ಮುದ್ದೆಯಾಗುತ್ತದೆ.

ಇಲ್ಲಿ ನಡೆಯುವುದೇನು? ಅಕ್ಕಿಯ ಪಿಷ್ಟ ಸುಮಾರು 70 ಡಿಗ್ರಿ ಶಾಖದಲ್ಲಿ ಹಣ್ಣಿನ ನೀರನ್ನು ಹೀರಿ ಉಬ್ಬಿ ಅಂಟಾಗುತ್ತದೆ. ತಣಿಯುವಾಗ ಅದೇ ಅಂಟು ಬಿಗಿದು ಅಡ್ಯೆಗೆ ಆಕಾರ ಕೊಡುತ್ತದೆ. ಬೇಯುವ ಹಿಟ್ಟಿನ ಒಳಭಾಗ ನೀರಿರುವವರೆಗೆ 100 ಡಿಗ್ರಿ ದಾಟುವುದಿಲ್ಲ, ಆದ್ದರಿಂದ ನಡುವೆ ಮೆದುತನ ಉಳಿಯುತ್ತದೆ. ಕೆಂಡಕ್ಕೆ ಸಮೀಪದ ಮೇಲ್ಮೈಯಲ್ಲಿ ಮಾತ್ರ ನೀರು ಆರಿ ಶಾಖ ಏರುತ್ತದೆ, ಸಕ್ಕರೆ ಕಂದಾಗಿ ಪರಿಮಳ ಬಿಡುತ್ತದೆ. ಹಬೆಯಲ್ಲಿ ಬೆಂದ ಕಡುಬಿಗೂ ಕೆಂಡದಲ್ಲಿ ಬೆಂದ ಅಡ್ಯೆಗೂ ಇರುವ ವ್ಯತ್ಯಾಸ ಈ ಕಂದು ಪದರವೇ. ಕಾಬ್ಲರಿನ ಮೇಲ್ಪದರದ ಗುಟ್ಟೂ ಅದೇ. ಅಲ್ಲಿ ಬೇಕಿಂಗ್ ಪೌಡರಿನ ಅನಿಲ ಹಿಟ್ಟನ್ನು ಉಬ್ಬಿಸುತ್ತದೆ. ಇಲ್ಲಿ ಉಬ್ಬಿಸುವ ಪುಡಿ ಇಲ್ಲ, ತರಿಯಾದ ಅಕ್ಕಿಯೇ ಹಗುರತನ ಕೊಡಬೇಕು. ನುಣ್ಣಗೆ ರುಬ್ಬಿದ ಅಡ್ಯೆ ಗಟ್ಟಿಯಾಗುವುದು ಅದಕ್ಕೇ.

ಎಲೆಯ ಕೆಲಸವನ್ನೂ ಮರೆಯಬಾರದು. ಅದು ಹಿಟ್ಟು ತಳ ಹಿಡಿಯದಂತೆ ಕಾಯುತ್ತದೆ, ತಾನು ಸೀದು ಒಳಗಿನದನ್ನು ಉಳಿಸುತ್ತದೆ. ಹಬೆಯ ಕಡುಬಿಗೆ ಸಾಗುವಾನಿ ಎಲೆ ಬಳಸಿದರೆ ಕೆಂಪು ಬಣ್ಣ ಏರುತ್ತದೆ. ಉಪ್ಪಳಿಗೆಯ ಅಗಲ ಎಲೆ, ಅರಿಸಿನದ ಎಲೆ, ಕೇದಗೆಯ ಓಲೆಯ ಮೂಡೆ, ನಾಲ್ಕು ಹಲಸಿನ ಎಲೆಗಳನ್ನು ಕಡ್ಡಿಯಿಂದ ಚುಚ್ಚಿ ಮಾಡಿದ ಕೊಟ್ಟೆ, ಹೀಗೆ ಒಂದೊಂದು ಎಲೆಗೂ ಒಂದೊಂದು ಪರಿಮಳ. ಉಪ್ಪಳಿಗೆ ಗುಡ್ಡದ ಅಂಚಿನಲ್ಲಿ ತಾನೇ ಹುಟ್ಟುವ ಗಿಡ, ಕೇದಗೆ ತೋಡಿನ ದಂಡೆಯ ಮಣ್ಣು ಹಿಡಿಯುವ ಗಿಡ. ಕೆಲಸಕ್ಕೆ ಬಾರದ ಗಿಡವೆಂದು ಅವನ್ನು ಕಡಿಯುವವರಿಗೆ ಕಡುಬು ಉತ್ತರ ಹೇಳುತ್ತದೆ.

ಬಕ್ಕೆ ಉಳಿಯಿತು, ತುಳುವ?

ಈಗ ಮುಖ್ಯ ಸಂಗತಿಗೆ ಬರಬಹುದು. ಹಲಸಿನಲ್ಲಿ ಎರಡು ವರ್ಗ. ಗಟ್ಟಿಯಾದ, ಗರಿಗರಿ ತೊಳೆಯದು ಬಕ್ಕೆ. ಹಣ್ಣಾದಾಗ ಬೆರಳಿಗೇ ಬಿಡಿಸಬಹುದಾದ, ನಾರುಳ್ಳ, ಮೆದುವಾದ, ರಸ ಸೋರುವ ತೊಳೆಯದು ತುಳುವ. ತುಳುವಕ್ಕೆ ಊರೂರಿಗೆ ಬೇರೆ ಬೇರೆ ಹೆಸರುಗಳಿವೆ. ಪೇಟೆಯ ಗ್ರಾಹಕ ಕೇಳುವುದು ಬಕ್ಕೆಯನ್ನು. ಹೆದ್ದಾರಿಯ ಬದಿಯಲ್ಲಿ ಬಿಡಿಸಿ ಮಾರುವುದು ಬಕ್ಕೆಯನ್ನು. ಹಲಸಿನ ಮೇಳಗಳಲ್ಲಿ ಸಾಲುಗಟ್ಟಿ ಕೊಳ್ಳುವುದೂ ಹೆಚ್ಚಾಗಿ ಬಕ್ಕೆಯನ್ನೇ. ತುಳುವ ಹಣ್ಣು ಸಾಗಣೆಗೆ ಬಾರದು, ತಟ್ಟೆಯಲ್ಲಿ ಅಂದವಾಗಿ ಕೂರದು, ಬಾಯಿಗಿಟ್ಟರೆ ಜಾರುತ್ತದೆ ಎಂದು ಮಕ್ಕಳು ಮುಖ ತಿರುಗಿಸುತ್ತಾರೆ.

ಆದರೆ ಅಡ್ಯೆಗೆ, ಕಡುಬಿಗೆ, ಸುಟ್ಟೇವಿಗೆ, ಬೆರಟಿಗೆ ಅತ್ಯುತ್ತಮವಾದುದು ಈ ತುಳುವವೇ. ಅದರ ತೊಳೆ ತಾನಾಗಿ ಕರಗುತ್ತದೆ, ರಸ ಹೆಚ್ಚು, ಪರಿಮಳ ಹೆಚ್ಚು. ಅಂದರೆ ಬಕ್ಕೆಯ ಮರವನ್ನು ಕಾಯಲು ಮಾರುಕಟ್ಟೆ ಇದೆ. ತುಳುವದ ಮರವನ್ನು ಕಾಯಲು ಇರುವುದು ಅಡುಗೆಮನೆ ಒಂದೇ. ಅಡುಗೆಮನೆ ಕೈಬಿಟ್ಟ ಮೇಲೆ ಆ ಮರದ ಮುಂದೆ ನಿಲ್ಲುವವನು ಮರದ ವ್ಯಾಪಾರಿ. ಹಲಸಿನ ಹಳದಿ ನಾಟಾ ಬಾಗಿಲಿಗೆ, ಪೀಠೋಪಕರಣಕ್ಕೆ ಬೇಕಾದುದು. ಯಕ್ಷಗಾನದ ಮದ್ದಳೆಯ ಕಳಸಿಗೆಗೂ ಬೇಕಾದುದು. ‘ಹಣ್ಣು ತಿನ್ನುವವರಿಲ್ಲ, ಅಂಗಳ ಗಲೀಜಾಗುತ್ತದೆ, ನೊಣ ಬರುತ್ತದೆ’ ಎಂಬ ಮೂರು ಮಾತುಗಳಲ್ಲಿ ಅಜ್ಜ ನೆಟ್ಟ ಮರದ ತೀರ್ಮಾನವಾಗಿಬಿಡುತ್ತದೆ.

ಇದರಲ್ಲಿ ಹೋಗುವುದೇನು ಎಂಬುದನ್ನು ತಿಳಿಯಲು ಸ್ಟ್ರಾಬೆರಿಯ ಹಂಬನ್ನು ಮತ್ತೆ ನೆನೆಯಬೇಕು. ಸ್ಟ್ರಾಬೆರಿ ತೋಟದಲ್ಲಿ ಒಂದು ಗಿಡ ಸತ್ತರೆ ಅದರ ಪ್ರತಿ ಪಕ್ಕದ ಸಾಲಿನಲ್ಲಿದೆ. ಹಲಸು ಹಾಗಲ್ಲ. ಅದರ ಗಂಡು ಹೂಗೊಂಚಲು ಮತ್ತು ಹೆಣ್ಣು ಹೂಗೊಂಚಲು ಒಂದೇ ಮರದಲ್ಲಿ ಬೇರೆ ಬೇರೆಯಾಗಿರುತ್ತವೆ, ಪರಾಗ ಬೇರೆ ಮರಗಳಿಂದಲೂ ಬರುತ್ತದೆ. ಹೀಗಾಗಿ ಬೀಜದಿಂದ ಎದ್ದ ಪ್ರತಿಯೊಂದು ಮರವೂ ತನ್ನದೇ ಗುಣದ್ದು. ಒಂದರ ತೊಳೆ ಬಿಳಿ, ಇನ್ನೊಂದರದು ಹಳದಿ, ಮತ್ತೊಂದರದು ಕೆಂಪು. ಒಂದು ಏಪ್ರಿಲಿನಲ್ಲಿ ಹಣ್ಣಾದರೆ ಇನ್ನೊಂದು ಆಟಿ ತಿಂಗಳವರೆಗೂ ಕಾಯುತ್ತದೆ. ಘಟ್ಟದ ಮೇಲೂ ಕೆಳಗೂ ಇರುವ ಹಲಸಿನ ಮರಗಳಲ್ಲಿ ಬಹುಪಾಲು ಇಂತಹ ಬೀಜದ ಮರಗಳೇ. ಅವುಗಳಲ್ಲಿ ಒಂದನ್ನು ಕಡಿದರೆ ಮುಗಿಯುವುದು ಒಂದು ತಳಿ. ಅದಕ್ಕೆ ಪ್ರತಿ ಎಲ್ಲಿಯೂ ಇಲ್ಲ.

ಒಂದು ತಳಿಯ ಬೆಲೆ ಎಷ್ಟಾಗಬಹುದೆಂಬುದಕ್ಕೆ ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನ ಚೇಳೂರಿನ ‘ಸಿದ್ದು’ ಹಲಸು ಉದಾಹರಣೆ. ಅಲ್ಲಿಯ ಕೃಷಿಕ ಕುಟುಂಬವೊಂದರ ಜಮೀನಿನಲ್ಲಿದ್ದ ಒಂದೇ ಒಂದು ಮರ. ತೊಳೆಯ ಬಣ್ಣ ತಾಮ್ರಗೆಂಪು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದನ್ನು ಗುರುತಿಸಿ, 2017ರಲ್ಲಿ ಆ ಕುಟುಂಬದೊಡನೆ ಒಪ್ಪಂದ ಮಾಡಿಕೊಂಡಿತು. ಕಸಿ ಗಿಡಗಳು ನಾಡಿನಾದ್ಯಂತ ಹರಡಿದವು, ಕುಟುಂಬಕ್ಕೂ ಆದಾಯ ಬಂತು. ಆ ಮರವನ್ನು ಹಿಂದೊಮ್ಮೆ ನಾಟಾಕ್ಕೆಂದು ಕೊಟ್ಟಿದ್ದರೆ ಸಿದ್ದು ಎಂಬ ತಳಿಯೇ ಇರುತ್ತಿರಲಿಲ್ಲ. ವಾರಾಹಿ, ಸೌಪರ್ಣಿಕಾ, ಚಕ್ರಾ ನದಿಗಳ ಕಣಿವೆಗಳಲ್ಲಿ ಹೆಸರಿಡದ ಎಷ್ಟು ಮರಗಳು ಇವೆಯೋ, ಅವುಗಳಲ್ಲಿ ಎಷ್ಟು ಈ ವರ್ಷ ಗರಗಸಕ್ಕೆ ಹೋಗಲಿವೆಯೋ ಲೆಕ್ಕವಿಟ್ಟವರಿಲ್ಲ.

ಹಲಸಿನ ಬಗ್ಗೆ ನಾಡಿನಲ್ಲಿ ಎಚ್ಚರ ಮೂಡಿಸಿದ ಕೀರ್ತಿ ಪುತ್ತೂರಿನಿಂದ ಪ್ರಕಟವಾಗುವ ‘ಅಡಿಕೆ ಪತ್ರಿಕೆ’ಗೂ ಅದರ ಸಂಪಾದಕ ಶ್ರೀಪಡ್ರೆಯವರಿಗೂ ಸಲ್ಲಬೇಕು. ನೆರೆಯ ಕೇರಳ 2018ರಲ್ಲಿ ಹಲಸನ್ನು ತನ್ನ ರಾಜ್ಯಹಣ್ಣೆಂದು ಘೋಷಿಸಿತು. ಇವೆಲ್ಲ ಸಂತೋಷದ ಸಂಗತಿಗಳು. ಆದರೆ ಘೋಷಣೆಗಳ ಫಲ ಬಕ್ಕೆಗೆ ಮೊದಲು ತಲುಪುತ್ತದೆ. ತುಳುವದವರೆಗೆ ತಲುಪಬೇಕಾದರೆ ಮನೆಯ ಒಲೆ ಹೊತ್ತಬೇಕು.

ಹೊಗೆಯ ಪ್ರಶ್ನೆ

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ತಾಯಂದಿರು ಅದನ್ನು ಬಾಯಿಬಿಟ್ಟು ಹೇಳದಿರಬಹುದು, ಆದರೆ ಮನಸ್ಸಿನಲ್ಲಿ ಇರುತ್ತದೆ. ಎಂಟು ಕಿಲೋ ಹಣ್ಣು ಬಿಡಿಸಿ, ಮೇಣ ಒರೆಸಿ, ಬೀಜ ತೆಗೆದು, ರುಬ್ಬಿ, ಒಲೆಯ ಮುಂದೆ ಗಂಟೆಗಟ್ಟಲೆ ಕೂರುವವರು ಯಾರು? ಹಳೆಯ ರುಚಿಯನ್ನು ಹೊಗಳುವವರು ತಟ್ಟೆಯ ಮುಂದೆ ಕೂತವರು, ಹೊಗೆ ಕುಡಿದವರು ಬೇರೆಯವರು. ಸೌದೆಯ ಹೊಗೆಯಿಂದ ಶ್ವಾಸಕೋಶದ ರೋಗಗಳು ಬರುತ್ತವೆ ಎಂಬುದು ವೈದ್ಯರು ದೃಢಪಡಿಸಿದ ಸತ್ಯ. ಅಡುಗೆ ಅನಿಲ ಹಳ್ಳಿಯ ಮನೆಗಳಿಗೆ ಬಂದುದು ದೊಡ್ಡ ಬಿಡುಗಡೆ. ಆ ಬಿಡುಗಡೆಯನ್ನು ಮರಳಿ ಕಸಿದುಕೊಳ್ಳುವ ಪರಿಸರ ಚಳವಳಿ ನಿಜವಾದ ಪರಿಸರ ಚಳವಳಿಯಲ್ಲ.

ಇದಕ್ಕೆ ಉತ್ತರ ಮೂರು ಬಗೆಯದು. ಮೊದಲನೆಯದಾಗಿ, ಅಡ್ಯೆಗೆ ಬೇಕಾದುದು ಉರಿಯಲ್ಲ, ಕೆಂಡ. ಕಾಡಿನ ಸೌದೆಯೂ ಬೇಡ. ತೆಂಗಿನ ಗೆರಟೆ ಸಾಕು. ಗೆರಟೆಯನ್ನು ಅಂಗಳದಲ್ಲಿ ಉರಿಸಿ, ಹೊಗೆ ಪೂರ್ತಿ ಹೋದ ಮೇಲೆ ಕೆಂಡವನ್ನು ಬಳಸಬೇಕು. ಆದರೆ ಕೆಂಡಕ್ಕೆ ಹೊಗೆ ಇಲ್ಲವೆಂದು ಬಾಗಿಲು ಮುಚ್ಚಿದ ಕೋಣೆಯೊಳಗೆ ಇಡಬಾರದು. ಕಣ್ಣಿಗೆ ಕಾಣದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಅದರಿಂದ ಹೊರಡುತ್ತದೆ. ಜಗಲಿಯ ಹೊರಗೆ, ಗಾಳಿಯಾಡುವ ಮಾಡಿನಡಿ ಮಾಡುವುದು ಕ್ಷೇಮ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಕಡಿಮೆ ಸೌದೆ ಬೇಡುವ, ಹೊಗೆಯನ್ನು ಕೊಳವೆಯಿಂದ ಹೊರಹಾಕುವ ಅಸ್ತ್ರ ಒಲೆಯನ್ನು ರೂಪಿಸಿತು. ಅಂತಹ ಒಲೆಯಿರುವ ಮನೆಗೆ ಇನ್ನೂ ಅನುಕೂಲ.

ಎರಡನೆಯದಾಗಿ, ಗ್ಯಾಸ್ ಒಲೆಯಲ್ಲೂ ಅಡ್ಯೆ ಬರುತ್ತದೆ. ಕಾವಲಿಯನ್ನು ಸಣ್ಣ ಉರಿಯಲ್ಲಿ ಬಿಸಿಮಾಡಿ, ಅದರ ಮೇಲೆ ಎಲೆ ಹಾಸಿದ ದಪ್ಪ ಪಾತ್ರೆ ಇಟ್ಟು, ಬಿಗಿಯಾಗಿ ಮುಚ್ಚಿ ಬೇಯಿಸಬಹುದು. ಅರ್ಧ ಬೆಂದಾಗ ಜಾಗ್ರತೆಯಿಂದ ಮಗುಚಿದರೆ ಎರಡೂ ಕಡೆ ಕಂದು ಪದರ ಕಟ್ಟುತ್ತದೆ. ವಿದ್ಯುತ್ ಓವನ್ ಇರುವವರು ಕಾಬ್ಲರಿನ ಶಾಖದಲ್ಲೇ ಇದನ್ನೂ ಬೇಯಿಸಬಹುದು. ಕೆಂಡದ ಪರಿಮಳ ಸ್ವಲ್ಪ ಕಡಿಮೆಯಾದೀತು. ಮರ ಉಳಿಯುವುದಕ್ಕೆ ಅದರಿಂದ ಅಡ್ಡಿಯಿಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಹಣ್ಣು ಕೊಯ್ದು ಬಿಡಿಸುವ ಕೆಲಸ ಮನೆಯ ಗಂಡಸರದೂ ಮಕ್ಕಳದೂ ಆಗಬೇಕು. ಹಪ್ಪಳದ ದಿನ ಹಳೆಯ ಕೂಡುಕುಟುಂಬಗಳಲ್ಲಿ ಹತ್ತು ಕೈಗಳು ಸೇರುತ್ತಿದ್ದವು. ಇಂದು ಮನೆಯಲ್ಲಿ ಇಬ್ಬರೇ ಇದ್ದರೆ ನಾಲ್ಕು ಮನೆಗಳು ಒಂದೇ ಅಂಗಳದಲ್ಲಿ ಸೇರಬಹುದು. ಎಂಟು ಕಿಲೋ ಹಣ್ಣಿನಲ್ಲಿ ಎರಡು ಕಿಲೋಗಿಂತ ಕಡಿಮೆ ತೊಳೆ ಸಿಗುವುದು ಅಪರೂಪ ಎಂದಿಟ್ಟುಕೊಂಡರೆ, ಒಂದು ಹಣ್ಣಿನಿಂದ ಮೂರು ಅಡ್ಯೆ ನಿಶ್ಚಿತ. ಒಂದೇ ಮನೆಗೆ ಅದು ಹೆಚ್ಚು, ನಾಲ್ಕು ಮನೆಗಳಿಗೆ ಸರಿ. ರೆಚ್ಚೆ, ನಾರು, ನಡುವಿನ ಗೂಂಜು ದನದ ಬಾಯಿಗೆ. ಬೀಜ ಸಾರಿಗೆ, ಪಲ್ಯಕ್ಕೆ. ಉಳಿದ ತೊಳೆಯನ್ನು ಬೆಲ್ಲದೊಡನೆ ಗಟ್ಟಿಯಾಗುವವರೆಗೆ ಕಾಯಿಸಿದರೆ ಬೆರಟಿ. ತೇವ ತಾಗದಂತೆ ಭರಣಿಯಲ್ಲಿಟ್ಟರೆ ಮುಂದಿನ ಹಂಗಾಮಿನವರೆಗೂ ಬರುತ್ತದೆ. ಮಾಘ ಮಾಸದಲ್ಲೂ ಅದರಿಂದ ಅಡ್ಯೆ ಮಾಡಬಹುದು.

ಮಾಡಬೇಕಾದುದು

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನರು ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ಅಲ್ಲಿ ಎದುರಿಗೆ ಗುತ್ತಿಗೆದಾರರ ಗರಗಸವಿತ್ತು, ಆದ್ದರಿಂದ ಅಪ್ಪಿಕೊಳ್ಳುವ ಕೆಲಸ ಎಲ್ಲರ ಕಣ್ಣಿಗೆ ಬಿತ್ತು. ಹಿತ್ತಿಲ ಹಲಸಿನ ಎದುರಿಗೆ ಇರುವುದು ಮನೆಯವರದೇ ನಿರ್ಲಕ್ಷ್ಯ. ಅಲ್ಲಿ ಅಪ್ಪಿಕೊಳ್ಳುವ ದಾರಿ ಬೇರೆ. ಹಣ್ಣನ್ನು ಒಳಗೆ ತರುವುದೇ ಅಪ್ಪಿಕೊಳ್ಳುವುದು.

ವಿದ್ಯಾರ್ಥಿಗಳು ಈ ಹಂಗಾಮಿನಲ್ಲಿ ತಮ್ಮ ಊರಿನ ಹಲಸಿನ ಮರಗಳ ಪಟ್ಟಿ ಮಾಡಬೇಕು. ಮರ ಎಲ್ಲಿದೆ, ಬಕ್ಕೆಯೋ ತುಳುವವೋ, ಯಾವ ತಿಂಗಳಲ್ಲಿ ಹಣ್ಣು, ತೊಳೆಯ ಬಣ್ಣ, ಸಿಹಿ, ಮನೆಯವರು ಅದರಿಂದ ಮಾಡುವ ತಿಂಡಿ, ಮರಕ್ಕೆ ಊರಿನಲ್ಲಿರುವ ಹೆಸರು. ಒಂದು ನೋಟ್‌ಪುಸ್ತಕ, ಒಂದು ಪೆನ್ನು ಸಾಕು. ಅಜ್ಜಿಯರ ಬಳಿ ಕೂತರೆ ಅರ್ಧ ಪಟ್ಟಿ ಅಲ್ಲಿಯೇ ಮುಗಿಯುತ್ತದೆ. ರುಚಿಯಲ್ಲಿ ಎದ್ದುಕಾಣುವ ತುಳುವದ ಮರಗಳನ್ನು ಗುರುತಿಸಿ, ಕಸಿ ಕಟ್ಟಲು ಬಲ್ಲವರನ್ನು ಕರೆಸಿ, ಕನಿಷ್ಠ ಎರಡೆರಡು ಕಸಿ ಗಿಡಗಳನ್ನಾದರೂ ಬೇರೆ ಬೇರೆ ಜಾಗಗಳಲ್ಲಿ ನೆಡಬೇಕು. ತಾಯಿಮರ ಗಾಳಿಗೆ ಬಿದ್ದರೂ ತಳಿ ಬದುಕುತ್ತದೆ. ಕಸಿ ಗಿಡ ಮೂರು ನಾಲ್ಕು ವರ್ಷಗಳಲ್ಲಿ ಫಲ ಕೊಡಲು ಆರಂಭಿಸಬಹುದು.

ಘಟ್ಟದ ಹಳ್ಳಿಗಳವರು ಇನ್ನೊಂದನ್ನು ಗಮನಿಸಬೇಕು. ಕಾಡಿನಂಚಿನ ಹಲಸು ಮನುಷ್ಯರದು ಮಾತ್ರವಲ್ಲ. ಕೆಂದಳಿಲು, ಪುನುಗು, ಮಂಗಗಳಿಗೂ ಅದು ಅನ್ನ. ಅದರ ಕಾಡಿನ ಬಂಧು ಹೆಬ್ಬಲಸು ಸಿಂಗಳೀಕದ ಆಹಾರ. ಎಲ್ಲ ಹಣ್ಣನ್ನೂ ಮನೆಗೆ ತರುವುದು ಈ ಮಾತಿನ ಆಶಯವಲ್ಲ. ಕೈಗೆಟುಕುವ ಹಣ್ಣು ಮನೆಗೆ, ಎತ್ತರದ್ದು ಕಾಡಿಗೆ ಎಂಬ ಪಾಲು ನ್ಯಾಯವಾದುದು. ಸ್ಟ್ರಾಬೆರಿಯ ಕಾಬ್ಲರ್ ತಿನ್ನಲೇಬಾರದು ಎಂಬ ನಿಷೇಧವೂ ಇಲ್ಲಿಲ್ಲ. ಆ ತಿ೦ಡಿಯನ್ನು ಮೊದಲು ಮಾಡಿದವರು ತಮ್ಮ ಹಿತ್ತಿಲಿನಲ್ಲಿ ಸಿಕ್ಕ ಹಣ್ಣನ್ನು ಬಳಸಿದರು. ಅವರಿಂದ ಕಲಿಯುವುದಿದ್ದರೆ ಅದನ್ನೇ ಕಲಿಯಬೇಕು.

ಕೊನೆಯದಾಗಿ ಬೀಜದ ಒಂದು ಮಾತು. ಭತ್ತದ ಹಾಗೆ ಹಲಸಿನ ಬೀಜವನ್ನು ಒಣಗಿಸಿ ಮುಂದಿನ ವರ್ಷಕ್ಕೆ ಕಾಪಿಡಲಾಗದು. ಒಣಗಿದರೆ ಅದರ ಜೀವ ಹೋಗುತ್ತದೆ. ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕುಂದುತ್ತದೆ. ಅಡ್ಯೆಗೆ ತೊಳೆ ಬಿಡಿಸಿದ ದಿನ ಬೇಳೆಯೆಲ್ಲ ಸಾರಿಗೆ ಹೋಗದಿರಲಿ. ದಪ್ಪನೆಯ ನಾಲ್ಕು ಬೀಜಗಳನ್ನು ಆರಿಸಿ, ಅಂಟು ತೊಳೆದು, ಅದೇ ವಾರ ಮಳೆ ಬಿದ್ದ ಮಣ್ಣಿಗೆ ಊರಬೇಕು. ಅದರಿಂದ ಏಳುವ ಮರ ತಾಯಿಯಂತೆಯೇ ಇರುವುದೆಂಬ ಭರವಸೆ ಇಲ್ಲ. ಇನ್ನೂ ಯಾರೂ ರುಚಿ ನೋಡದ ಹಣ್ಣು ಅದರಲ್ಲಿ ಬಿಡಬಹುದು. ಇಂದು ಈ ಸಭೆಯಲ್ಲಿ ಕುಳಿತಿರುವ ಮಕ್ಕಳು ತಮ್ಮ ಮಕ್ಕಳಿಗೆ ಅಡ್ಯೆ ಬೇಯಿಸುವ ಹೊತ್ತಿಗೆ ಅದು ಫಲ ಬಿಟ್ಟಿರುತ್ತದೆ.